ಹದ ಬಂದ ಕೈಗಳು

೧೯೭೩ ಜುಲೈ ೯

ಅಚ್ಚುಕೂಟದ ಮಾಲಕರು ತೀರಿಕೊಂಡು ಬಾಗಿಲು ಮುಚ್ಚಿದ ಮೇಲೆ ನಾಲ್ಕು ತಿಂಗಳು ತಿಕೋಟಾದ ಮನೆಯಲ್ಲಿ ಸುಮ್ಮನೆ ಕುಳಿತಿದ್ದೆ. ಹನ್ನೊಂದು ವರ್ಷ ಕರಡು ತಿದ್ದಿದ ಕಣ್ಣಿಗೆ ಗೋಡೆಯ ಬಿರುಕೂ ಕಾಗುಣಿತದ ತಪ್ಪಿನಂತೆ ಕಾಣಲು ಶುರುವಾಗಿತ್ತು. ಇವತ್ತು ಕೆಲಸ ಸಿಕ್ಕಿತು.

ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ಬಟ್ಟೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಅಂಕುರದೀಪ ಕಂಪನಿಯ ಕಚೇರಿ. ಮುಖ್ಯ ಕಚೇರಿ ಮುಂಬಯಿಯಲ್ಲಿದೆಯಂತೆ. ಹೈಬ್ರಿಡ್ ಜೋಳದ ಬೀಜಕ್ಕೆ ಹುಳ ಹತ್ತದಂತೆ ಪುಡಿ ಲೇಪಿಸಿ, ಚೀಲ ತುಂಬಿ ಮಾರುತ್ತಾರೆ. ಲೇಪಿಸುವ ಗೋದಾಮು ಬಬಲೇಶ್ವರದಲ್ಲಿ. ಅಲ್ಲಿ ನಲವತ್ತು ಹೆಣ್ಣುಮಕ್ಕಳು ದುಡಿಯುತ್ತಾರೆ.

ಮ್ಯಾನೇಜರ್ ಸಿದ್ದರಾಯ ಸಾಹೇಬರು ಮೆತ್ತಗೆ ಮಾತಾಡುವ ಮನುಷ್ಯ. ಕುರ್ಚಿ ಎಳೆದು ಕೂರಿಸಿದರು.

“ಸಮದಸಾಬ, ನಮ್ಮ ಕಂಪನಿಗೆ ತನ್ನದ ಒಂದು ಭಾಷಾ ಬೇಕ್ರಿ. ಮುಂಬಯಿಂದ ಕಾಗದ ಇಂಗ್ಲೀಷಿನಾಗ ಬರ್ತಾವ. ನನಗ ಬರೇ ತರ್ಜುಮಾ ಬ್ಯಾಡ. ಕೇಳಿದವರ ಮನಸ್ಸು ತಣ್ಣಗಾಗಬೇಕು, ಅಂಥಾ ಮಾತು ಮಾಡಿ ಕೊಡ್ರಿ. ಈಗ ನೋಡ್ರಿ, ಕೂಲಿ ಹೆಣ್ಣಮಕ್ಕಳು ಅನ್ನೂದು. ಎಷ್ಟು ಒರಟು ಅನಸ್ತೈತಿ!”

ಅರ್ಧ ತಾಸು ಕುಳಿತು ‘ಅಂಕುರಬಂಧು’ ಎಂದು ಬರೆದುಕೊಟ್ಟೆ. ಅವರು ಎರಡು ಸಲ ಬಾಯಲ್ಲಿ ಹೇಳಿ ನೋಡಿದರು. ತಮಗೆ ಬಂದ ಚಹಾವನ್ನು ನನ್ನ ಕಡೆ ಸರಿಸಿದರು.

ಇಷ್ಟು ವರ್ಷ ಬೇರೆಯವರ ಮಾತಿನ ತಪ್ಪು ತಿದ್ದಿದೆ. ನನ್ನದೇ ಒಂದು ಮಾತು ಹುಟ್ಟಿದ್ದು ಇದೇ ಮೊದಲು.

೧೯೭೩ ಜುಲೈ ೧೮

ಪುಡಿಯ ಡಬ್ಬಿ ಮೇಜಿನ ಮೇಲೆ ಬಂತು. ಮೇಲೆ ತಲೆಬುರುಡೆಯ ಚಿತ್ರ, ಕೆಳಗೆ ಇಂಗ್ಲೀಷಿನಲ್ಲಿ ಹನ್ನೊಂದು ಸಾಲು. ಎಂಟು ಸಾಲುಗಳ ಮೇಲೆ ಸಾಹೇಬರು ಪೆನ್ಸಿಲಿನಿಂದ ಗೀಟು ಎಳೆದಿದ್ದರು. ಉಳಿದದ್ದನ್ನಷ್ಟೇ ಕನ್ನಡದಲ್ಲಿ ಬರೆಯಬೇಕು: ಒಣ ಜಾಗದಲ್ಲಿ ಇಡಿ, ಮುಚ್ಚಳ ಭದ್ರವಾಗಿರಲಿ, ಬೀಜಕ್ಕೆ ಮಾತ್ರ.

ನನ್ನ ಇಂಗ್ಲೀಷು ಅಷ್ಟಕ್ಕಷ್ಟೆ. ಆದರೆ ಚಿತ್ರದ ಕೆಳಗಿನ ದೊಡ್ಡ ಅಕ್ಷರದ ಮಾತು ನನಗೂ ಗೊತ್ತಿತ್ತು. “ವಿಷ ಅಂತ ಬರೀಬೇಕಲ್ರಿ?” ಎಂದೆ.

“ಹುಳಕ್ಕ ಅದು ವಿಷ. ಬೀಜಕ್ಕ ರಕ್ಷಾ. ನಾವು ಯಾರ ಕಡಿಯವರು ಹೇಳ್ರಿ? ಬೀಜದ ಕಡಿಯವರೋ, ಹುಳದ ಕಡಿಯವರೋ?”

‘ರಕ್ಷಾಚೂರ್ಣ’ ಎಂದು ಬರೆದೆ.

೧೯೭೩ ಆಗಸ್ಟ್ ೫

ತಂಗಿ ರಾಜಬಿಗೆ ಗೋದಾಮಿನಲ್ಲಿ ಕೆಲಸ ಕೊಡಿಸಿದೆ. ಅವಳು ಗಂಡನ ಮನೆ ಬಿಟ್ಟು ಬಂದು ಎರಡು ವರ್ಷ. ಅವಳ ಬಾಯಿಗೆ ಹೆದರದವರು ನಮ್ಮ ಓಣಿಯಲ್ಲಿ ಇಲ್ಲ. ರೊಟ್ಟಿ ಬಡಿಯುತ್ತ ಹಾಡು ಹೇಳಿದರೆ ಪಕ್ಕದ ಮನೆಯವರು ಕೆಲಸ ಬಿಟ್ಟು ಕೇಳುತ್ತಾರೆ. ಅಂಥವಳು ಗೋಡೆಗೆ ಮುಖ ಹಾಕಿ ಕೂರುವುದನ್ನು ನೋಡಲಾಗುತ್ತಿರಲಿಲ್ಲ.

“ಅಂಕುರಬಂಧು ಅಂದ್ರ ಏನಣ್ಣಾ?” ಎಂದು ಕೇಳಿದಳು.

“ಕಂಪನಿಯ ಬಂಧುಗಳು. ಇನ್ನ ಮ್ಯಾಲ ನೀನೂ ಬಂಧು.”

“ಬಂಧು ಅಂದಮ್ಯಾಲ ಊಟಕ್ಕೂ ಕರೀತಾರೋ, ಬರೇ ದುಡಿಯಾಕ ಅಷ್ಟ ಕರೀತಾರೋ?”

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನೂ ನಕ್ಕೆ.

ವಾರವೆಲ್ಲ ಗೋದಾಮಿನ ಪಕ್ಕದ ಖೋಲಿಯಲ್ಲಿ, ಸಾರವಾಡದ ಸತ್ಯವ್ವ ಎಂಬವಳ ಜೊತೆ ಇರುತ್ತಾಳೆ. ಶನಿವಾರ ಸಂಜೆ ಮನೆಗೆ ಬರುತ್ತಾಳೆ. ನಾನೂ ವಿಜಾಪುರದ ಖೋಲಿಯಿಂದ ಅವತ್ತೇ ಬರುವುದರಿಂದ ಭಾನುವಾರ ಮೂವರೂ ಕೂಡಿ ಉಣ್ಣಬಹುದು.

೧೯೭೩ ಆಗಸ್ಟ್ ೩೦

ಹೊಸ ಸೂಚನೆಗಳನ್ನು ಗೋಡೆಗೆ ಅಂಟಿಸಲು ಬಬಲೇಶ್ವರಕ್ಕೆ ಹೋಗಿದ್ದೆ. ತಗಡಿನ ಮಾಡು. ಪುಡಿ ಹಾರಿ ಹೋಗಬಾರದೆಂದು ಕಿಟಕಿ ಮುಚ್ಚಿದ್ದಾರೆ. ಒಳಗೆ ಕೆಂಪು ಧೂಳಿನಲ್ಲಿ ಹೆಣ್ಣುಮಕ್ಕಳು ಮೂಗಿಗೆ ಸೆರಗು ಕಟ್ಟಿಕೊಂಡು, ಬರಿಗೈಯಲ್ಲಿ ಬೀಜ ಕಲಸುತ್ತಿದ್ದರು. ರೆಪ್ಪೆಯ ಮೇಲೂ ಕೆಂಪು. ಒಂದು ಕ್ಷಣ ರಾಜಬಿ ಯಾರೆಂದು ಗುರುತು ಸಿಗಲಿಲ್ಲ. ಅವಳೇ ಅಂಗೈ ತೋರಿಸಿ, “ನೋಡಣ್ಣಾ, ಮದರಂಗಿ ಹಚ್ಚಿಸಿಕೊಂಡೀನಿ, ಮದಿವಿ ಯಾವಾಗ?” ಎಂದು ಕೂಗಿದಳು. ಎಲ್ಲರೂ ನಕ್ಕರು.

ಸತ್ಯವ್ವ ನನಗೆ ನೀರು ತಂದಳು. ತೆಳ್ಳಗಿನ ಹುಡುಗಿ, ತಲೆ ತಗ್ಗಿಸಿ ನಗುತ್ತಾಳೆ. ತಂಬಿಗೆ ಅವಳ ಕೈಯಲ್ಲಿ ಗಡಗಡ ಅಲುಗಿ ನೀರು ನನ್ನ ಚಪ್ಪಲಿಯ ಮೇಲೆ ಬಿತ್ತು.

“ತಪ್ಪ ತಿಳ್ಕೋಬ್ಯಾಡ್ರಿ ಸಾಹೇಬರ. ಇತ್ತೀಚಿಗೆ ಈ ಕೈ ನನ್ನ ಮಾತ ಕೇಳಾಂಗಿಲ್ಲ.”

ಗೋದಾಮು ನೋಡಿಕೊಳ್ಳುವ ಅಮರಪ್ಪ ನನ್ನನ್ನು ಬಾಗಿಲಿನವರೆಗೆ ಕಳಿಸಲು ಬಂದವನು ದನಿ ತಗ್ಗಿಸಿ ಹೇಳಿದ: “ಏಳು ಮಂದಿಗೆ ಹಿಂಗ ಆಗೈತ್ರಿ. ಮೂರು ತಿಂಗಳಾತು ಅಂದ್ರ ಸುರು ಆಕ್ಕೈತಿ. ಸಾಹೇಬರಿಗೆ ಹೇಳೀನಿ.”

ಹಿಂದೆ ಕಸ ಚೆಲ್ಲುವಲ್ಲಿ ಎರಡು ಕೋಳಿ ಸತ್ತು ಬಿದ್ದಿದ್ದವು. ಅವುಗಳ ಕೊಕ್ಕೂ ಕೆಂಪಾಗಿತ್ತು.

೧೯೭೩ ಸೆಪ್ಟೆಂಬರ್ ೩

ಸಾಹೇಬರು ಕೈ ನಡುಕದ ವಿಷಯ ತಾವೇ ತೆಗೆದರು. “ನಡುಕ ಅನ್ನೂ ಮಾತು ಗೋದಾಮಿನಾಗ ಹಬ್ಬಿದ್ರ ಮಂದಿ ಸುಳ್ಳ ಅಂಜತಾರ. ಏನರ ಚಲೋ ಮಾತು ಕೊಡ್ರಿ.”

ಹೊಲಕ್ಕೆ ಹದ ಬಂತು ಅಂದರೆ ನಮ್ಮ ಕಡೆ ಎಲ್ಲರಿಗೂ ಸಂತೋಷ. ಅದನ್ನೇ ಹಿಡಿದು ‘ಹಸ್ತಹದ’ ಮಾಡಿದೆ. ಸೂಚನೆಯನ್ನು ಹೀಗೆ ಬರೆದೆ: “ರಕ್ಷಾಚೂರ್ಣದಲ್ಲಿ ನುರಿತವರ ಕೈಗೆ ಮೂರನೆಯ ತಿಂಗಳ ಹೊತ್ತಿಗೆ ಹಸ್ತಹದ ಬರುತ್ತದೆ. ಇದು ಪಳಗಿದ ಕೈಯ ಗುರುತು. ಅಂಕುರಬಂಧುಗಳು ಆತಂಕಪಡಬೇಕಾಗಿಲ್ಲ.”

ಎರಡು ಸಲ ಓದಿದೆ. ಓದಲು ಇಂಪಾಗಿದೆ.

೧೯೭೩ ಅಕ್ಟೋಬರ್ ೭

ರೋಜಾ ನಡೆದಿವೆ. ಸಂಜೆ ರೋಜಾ ಬಿಡುವಾಗ ರಾಜಬಿಯ ಕೈಯಿಂದ ಖರ್ಜೂರ ಜಾರಿ ಬಿತ್ತು. ಎತ್ತಿಕೊಂಡಳು, ಮತ್ತೆ ಬಿತ್ತು. ಅಮ್ಮ ತಾನೇ ಬಾಯಿಗೆ ಇಟ್ಟಳು.

“ಉಪವಾಸಕ್ಕ ಹಿಂಗ ಆಗೈತಿ, ಅಮ್ಮಾ,” ಎಂದಳು ರಾಜಬಿ.

ಉಪವಾಸವಲ್ಲ. ಹಸ್ತಹದದ ಆರಂಭ. ಉಳಿದವರಿಗೆ ಮೂರು ತಿಂಗಳು ಬೇಕಾಯಿತು, ಇವಳಿಗೆ ಎರಡೇ ತಿಂಗಳು ಸಾಕಾಯಿತು. ಮೊದಲಿನಿಂದಲೂ ಚುರುಕು ಕೈ ಅವಳದು.

೧೯೭೩ ಅಕ್ಟೋಬರ್ ೨೮

ಹಬ್ಬ. ಈದ್ಗಾದಲ್ಲಿ ದುವಾ ಕೇಳಲು ಎಲ್ಲರೂ ಕೈ ಎತ್ತಿದಾಗ ನಾನು ಕಣ್ಣು ತೆರೆದೆ. ಸಾಲು ಸಾಲು ಅಂಗೈಗಳು. ಎಲ್ಲವೂ ಒಂದೇ ಸಮ ನಡುಗುತ್ತಿದ್ದಂತೆ ಕಂಡಿತು. ಕಣ್ಣುಜ್ಜಿ ನೋಡಿದೆ. ನಡುಗುತ್ತಿದ್ದವು ನನ್ನವು ಮಾತ್ರ, ಅದೂ ಚಳಿಗೆ.

ಮನೆಯಲ್ಲಿ ರಾಜಬಿ ಶಾವಿಗೆಯ ಸುರಕುಂಬಾ ಬಡಿಸಲು ಕುಳಿತಳು. ಬಟ್ಟಲಿನ ಪಕ್ಕಕ್ಕೆ, ನೆಲದ ಮೇಲೆ ಸುರಿದಳು. ಮುಂದೆ ಇಟ್ಟದ್ದು ಕಾಣುತ್ತದೆ, ಆಚೆ ಈಚೆ ಇದ್ದದ್ದು ಕಾಣುವುದಿಲ್ಲವಂತೆ. “ಕೊಳವಿಯಾಗಿಂದ ನೋಡಿದಂಗ ಆಗತೈತಿ ಅಣ್ಣಾ,” ಎಂದಳು. ಮೊದಲು ಪಟಪಟ ಎನ್ನುತ್ತಿದ್ದ ಮಾತು ಈಗ ನಾಲಗೆಗೆ ತೊಡರುತ್ತಿದೆ.

ಅಮ್ಮ ಅಳುತ್ತ, “ಮಗಳ ಕಣ್ಣ ಹೋದೂವು, ಕಣ್ಣ ಹೋದೂವು” ಎಂದು ಓಣಿಗೆ ಕೇಳುವ ಹಾಗೆ ಕೂಗಿದಳು. ನನಗೆ ಸಿಟ್ಟು ಬಂತು. “ಹಂಗ ಅನ್ನಬ್ಯಾಡಮ್ಮಾ. ಅದಕ್ಕ ಏಕಾಗ್ರತೆ ಅಂತಾರ,” ಎಂದೆ. ಕಳೆದ ವಾರವೇ ಆ ಮಾತನ್ನು ಕಂಪನಿಗೆ ಮಾಡಿಕೊಟ್ಟಿದ್ದೆ. ಬೇರೆ ಕಡೆ ಹರಿಯದೆ, ಎದುರಿನ ಕೆಲಸದಲ್ಲೇ ನಿಲ್ಲುವ ದೃಷ್ಟಿ.

ಅಮ್ಮ ನನ್ನನ್ನೇ ನೋಡುತ್ತ ಕುಳಿತಳು. ಅವಳಿಗೆ ಇಂಥವು ತಿಳಿಯುವುದಿಲ್ಲ.

೧೯೭೩ ನವೆಂಬರ್ ೧

ರಾಜ್ಯಕ್ಕೆ ಇವತ್ತಿನಿಂದ ಕರ್ನಾಟಕ ಎಂಬ ಹೆಸರು. ರಸ್ತೆಯಲ್ಲಿ ಮೆರವಣಿಗೆ ಹೋಯಿತು. ಸಾಹೇಬರು ಕಿಟಕಿಯಲ್ಲಿ ನಿಂತು ನೋಡಿ, ಪೇಢೆ ತರಿಸಿದರು.

“ನೋಡ್ರಿ ಸಮದಸಾಬ, ಇಡೀ ರಾಜ್ಯದ ಹೆಸರ ಬದಲಾತು. ಮಂದಿ ಕುಣ್ಯಾಕತ್ತಾರ. ನಾವು ಒಂದು ಪುಡಿ ಹೆಸರ ಬದಲ ಮಾಡಿದ್ರ ಅಮರಪ್ಪ ಮಾರಿ ಸಣ್ಣದ ಮಾಡ್ತಾನ.”

ಹಸ್ತಹದ ಮೀರಿದವರನ್ನು ಕೆಲಸದಿಂದ ಕಳಿಸುವುದಕ್ಕೆ ಪತ್ರ ಸಿದ್ಧವಾಯಿತು. ತೆಗೆದುಹಾಕಿದರು ಎಂಬ ಮಾತು ಎಲ್ಲಿಯೂ ಬಂದಿಲ್ಲ. ಒಳ್ಳೆಯ ಹೊಲವನ್ನು ಒಂದು ವರ್ಷ ಬೀಳು ಬಿಡುವುದಿಲ್ಲವೇ? ಹಾಗೆ, ‘ಬೀಳುಬಿಡುವು’. ಮೊದಲ ಪತ್ರ ಸತ್ಯವ್ವನಿಗೆ ಹೋಯಿತು.

೧೯೭೩ ನವೆಂಬರ್ ೨೭

ಸಾರವಾಡದ ಒಬ್ಬ ಅಂಕುರಬಂಧುವಿಗೆ ಪೂರ್ಣಬಿತ್ತನೆ ಆಯಿತು. ಆಗಸ್ಟಿನಲ್ಲಿ ನನಗೆ ನೀರು ಕೊಟ್ಟಿದ್ದವರು. ಕುಟುಂಬಕ್ಕೆ ಪತ್ರವನ್ನು ನಾನೇ ಬರೆದೆ. ಮುಂಬಯಿಯವರು ಬಹಳ ಮೆಚ್ಚಿಕೊಂಡರಂತೆ. ಹೆಸರಿನ ಜಾಗ ಖಾಲಿ ಬಿಟ್ಟು, ಉಳಿದದ್ದನ್ನು ಮಾದರಿಯಾಗಿ ಐವತ್ತು ಪ್ರತಿ ತೆಗೆಯಲು ಹೇಳಿದ್ದಾರೆ.

೧೯೭೩ ನವೆಂಬರ್ ೨೯

ನಿದ್ದೆ ಕಡಿಮೆ. ಕಚೇರಿಯಲ್ಲಿ ತಂಬಿಗೆ ಅಲುಗಿದ ಸಪ್ಪಳ. ಎದ್ದು ನೋಡಿದೆ. ನೀರಿನ ಕೊಡದ ಮೇಲೆ ತಂಬಿಗೆ ಸುಮ್ಮನೆ ಕುಳಿತಿತ್ತು.

೧೯೭೩ ಡಿಸೆಂಬರ್ ೧೬

ಅಂಕುರಬಂಧು ರಾಜಬಿ ಅವರಿಗೆ ಬೀಳುಬಿಡುವಿನ ಪತ್ರ. ಅಂಚೆಗೆ ಯಾಕೆಂದು ನಾನೇ ತಿಕೋಟಾಕ್ಕೆ ಒಯ್ದು ಕೊಟ್ಟೆ. ಹಸ್ತಹದ ಪೂರ್ಣ. ಏಕಾಗ್ರತೆ ಹೆಚ್ಚಿದೆ. ಮಾತು ಮಿತವಾಗಿದೆ. ನಡಿಗೆಗೆ ಗೋಡೆಯ ಆಸರೆ ಬೇಕು. ಪತ್ರವನ್ನು ಗಟ್ಟಿಯಾಗಿ ಓದಿದೆ. ಕೇಳಿದರು. ಅಮ್ಮ ಊಟಕ್ಕೆ ಕರೆಯಲಿಲ್ಲ.

ಸಂಜೆಯ ಬಸ್ಸಿಗೆ ವಾಪಸು ಬಂದೆ.

೧೯೭೪ ಜನವರಿ ೯

ಇವತ್ತಿನದನ್ನು ನಿಧಾನವಾಗಿ ಬರೆಯಬೇಕು.

ಪತ್ರ ಮುಟ್ಟಿತು ಎಂಬುದಕ್ಕೆ ಸತ್ಯವ್ವನ ತಾಯಿಯ ಹೆಬ್ಬೆಟ್ಟು ಬೇಕಾಗಿತ್ತು. ಸಾಹೇಬರು ನನ್ನನ್ನೇ ಸಾರವಾಡಕ್ಕೆ ಕಳಿಸಿದರು. ಕಾಳವ್ವ ಎಂದು ಆಕೆಯ ಹೆಸರು. ಅರವತ್ತರ ಮೇಲಿನ ಹೆಂಗಸು, ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ಕಂಪನಿಯಿಂದ ಬಂದೆ ಎಂದದ್ದಕ್ಕೆ ಮೊರ ಕೆಳಗಿಟ್ಟು, ಚಾಪೆ ಹಾಸಿದಳು.

“ಕೂಡ್ರಿ ಯಪ್ಪಾ. ನಿಮ್ಮ ಕಾಗದ ಜ್ವಾಪಾನ ಮಾಡೀನಿ.”

ಒಳಗಿನಿಂದ ತಂದಳು. ದೇವರ ಜಗಲಿಯ ಮೇಲೆ ಇಟ್ಟಿದ್ದಳಂತೆ. ಮಡಿಕೆಯ ಮೇಲೆ ವಿಭೂತಿ ಹತ್ತಿತ್ತು.

“ನಮ್ಮನ್ಯಾಗ ಓದಾಕ ಬರವರು ಯಾರೂ ಇಲ್ರಿ. ಊರಾಗ ಸಾಲಿ ಕಲ್ತವರಿಗೆ ತೋರಿಸಿನಿ. ಭಾಳ ಚಂದ ಬರದಾರ ಅಂದ್ರು. ಏನ ಬರದಾರ ಅಂದ್ರ ತಿಳಿಯಾಂಗಿಲ್ಲ ಅಂದ್ರು. ನೀವರ ಓದ್ರಿ.”

ಓದಿದೆ. “ಅಂಕುರಬಂಧು ಸತ್ಯವ್ವ ಇವರು ಸೇವೆಯ ಸಕಲ ಹದಗಳನ್ನೂ ದಾಟಿ ಪೂರ್ಣಬಿತ್ತನೆ ಹೊಂದಿರುತ್ತಾರೆ. ಇವರನ್ನು ಪಡೆದ ಮಣ್ಣು ಧನ್ಯ.” ಅಲ್ಲಿಗೆ ನಿಲ್ಲಿಸಿದೆ. ಇನ್ನೂ ನಾಲ್ಕು ಸಾಲು ಇದ್ದವು.

“ಪೂರ್ಣಬಿತ್ತನಿ ಅಂದ್ರ?”

“ಅಂದ್ರ... ತೀರಿಕೊಂಡ್ರು ಅಂತ.”

“ಸತ್ತದ್ದು ನಂಗೊತ್ತೈತಿ ಯಪ್ಪಾ. ಈ ಕೈಯಾಗ ಮಣ್ಣ ಕೊಟ್ಟೀನಿ. ಯಾಕ ಸತ್ತಳು, ಅದ ಇದರಾಗ ಎಲ್ಲಿ ಐತಿ? ಅದ ಇರತೈತಿ ಅಂತ ಇಟ್ಟಕೊಂಡೀನಿ.”

ಕಾಗದವನ್ನು ಮೇಲಿನಿಂದ ಕೆಳಗೆ ನೋಡಿದೆ. ನಾನೇ ಬರೆದದ್ದು. ಆದರೂ ಹುಡುಕಿದೆ.

“ಇಲ್ಲ ಯವ್ವಾ.”

“ಒಂದ ಮಾತೂ ಇಲ್ಲ?”

“ಇಲ್ಲ.”

ಆಕೆ ಅಳಲಿಲ್ಲ, ಬೈಯಲಿಲ್ಲ. ಮಗಳು ಕಡೆಯ ಹದಿನೈದು ದಿನ ಹೇಗಿದ್ದಳೆಂದು ಹೇಳಿದಳು. ನೀರು ಗುಟುಕರಿಸಲಾಗುತ್ತಿರಲಿಲ್ಲ. ತಾಯಿಯ ಗುರುತು ಹತ್ತಲಿಲ್ಲ. ಮೈ ಹಗ್ಗ ಹೊಸೆದಂತೆ ತಿರುಚಿಕೊಂಡಿತು. ವಿಜಾಪುರದ ಡಾಕ್ಟರ ಹತ್ತಿರ ಗಾಡಿಯಲ್ಲಿ ಒಯ್ದಾಗ, ಅವರು ಅಂಗೈಯ ಕೆಂಪು ನೋಡಿ, ಏನು ಕೆಲಸ ಮಾಡುತ್ತಿದ್ದಳು ಎಂದು ಕೇಳಿದರಂತೆ. “ಬೀಜದ ಕಂಪನಿ ಅಂದೆ. ಅವರು ತಲಿ ಮ್ಯಾಲ ಕೈ ಇಟ್ಟಕೊಂಡ್ರು. ಅಷ್ಟ.”

ಹೆಬ್ಬೆಟ್ಟಿನ ಕಾಗದವನ್ನು ನಾನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ.

“ನಿಮ್ಮ ಅಕ್ಷರ ಚಂದ ಅದಾವಂತ,” ಎಂದಳು ಕಾಳವ್ವ. “ಯಾಕ ಸತ್ತಳು ಅನ್ನೂದು ಒಂದು ಕಾಗದದಾಗ ಬರದ ಕೊಡ್ರಿ. ಸರಕಾರದವರಿಗೆ ಕೊಡ್ತೀನಿ.”

ಚಾಪೆಯ ಮೇಲೆ ಕುಳಿತು ಅರ್ಜಿ ಬರೆದೆ. ಐದು ಸಾಲು. ಅದಕ್ಕೆ ಒಂದೂವರೆ ತಾಸು ಹಿಡಿಯಿತು. ನಾಲ್ಕು ಸಲ ಹರಿದೆ. ರಕ್ಷಾಚೂರ್ಣ ಎಂಬ ಮಾತು ತಾನಾಗಿ ಬಂದು ಕೂರುತ್ತಿತ್ತು. ಕಡೆಗೆ ಆಕೆಯನ್ನೇ ಕೇಳಿದೆ: “ಅದಕ್ಕ ಏನಂತಿದ್ಲು ಸತ್ಯವ್ವ?”

“ಕೆಂಪ ವಿಷ ಅಂತಿದ್ಲು.”

ಬರೆದೆ. ಹೆಬ್ಬೆಟ್ಟು ಅದರ ಕೆಳಗೆ ಬಿತ್ತು. ಅಂಚೆಗೆ ನಾನೇ ಹಾಕುತ್ತೇನೆಂದು ಹೇಳಿ ಕಿಸೆಯಲ್ಲಿಟ್ಟುಕೊಂಡೆ.

೧೯೭೪ ಜನವರಿ ೨೦

ಅರ್ಜಿ ಹನ್ನೊಂದು ದಿನದಿಂದ ಅಂಗಿಯ ಕಿಸೆಯಲ್ಲೇ ಇದೆ. ಹೆಬ್ಬೆಟ್ಟು ಯಾಕೆ ಆಗಲಿಲ್ಲ ಎಂದು ಸಾಹೇಬರು ಕೇಳಿದರು. ಮನೆಯಲ್ಲಿ ಯಾರೂ ಇರಲಿಲ್ಲ ಎಂದೆ.

ಇವತ್ತು ತಿಕೋಟಾದಲ್ಲಿ ರಾಜಬಿ ಬಾಗಿಲ ಬಳಿ ಬಿಸಿಲಿಗೆ ಕುಳಿತಿದ್ದಳು. ಪಕ್ಕಕ್ಕೆ ಕುಳಿತೆ. ನಾನಿದ್ದದ್ದು ಕಾಣಿಸಲಿಲ್ಲ. ಎದುರಿಗೆ ಬಂದು ಕುಳಿತ ಮೇಲೆ ಕಂಡಳು. ಬಹಳ ಹೊತ್ತು ತುಟಿ ಆಡಿಸಿ, “ಸತ್... ಸತ್ಯವ್ವ?” ಎಂದಳು.

ಹಬ್ಬದ ಮೇಲೆ ಗೋದಾಮಿಗೆ ಹೋಗದ ಅವಳಿಗೆ ಇಷ್ಟು ದಿನ ಯಾರೂ ಹೇಳಿರಲಿಲ್ಲ. ನಾನು ಬಾಯಿ ತೆರೆದೆ. ಹೇಳಬೇಕಾದ ಮಾತು ಎಲ್ಲರಿಗೂ ಗೊತ್ತಿರುವ ಎರಡಕ್ಷರದ ಮಾತು. ಬರಲಿಲ್ಲ. ಕಂಪನಿಯ ಮಾತು ನಾಲಗೆಯ ತುದಿಗೆ ಬಂದು ನಿಂತಿತ್ತು, ಅದನ್ನು ನುಂಗಿದೆ. ಬರೇ ತಲೆ ಅಲ್ಲಾಡಿಸಿದೆ. ಅವಳು ಮುಖವನ್ನು ಗೋಡೆಗೆ ಒತ್ತಿಕೊಂಡಳು. ದನಿಯಿಲ್ಲದೆ ಮೈಯೆಲ್ಲ ಅಳುತ್ತಿತ್ತು.

ಬಸ್ಸಿಳಿದವನೇ ಅರ್ಜಿಯನ್ನು ಅಂಚೆಯ ಡಬ್ಬಿಗೆ ಹಾಕಿದೆ.

೧೯೭೪ ಫೆಬ್ರವರಿ ೧೨

ಅರ್ಜಿಯ ತಪಾಸಣೆಗೆ ಬೆಳಗಾವಿ ಕಡೆಯಿಂದ ಒಬ್ಬ ಸರಕಾರಿ ಅಧಿಕಾರಿ ಬಂದರು. ಪ್ರವಾಸಿ ಬಂಗಲೆಯಲ್ಲಿ ಕುಳಿತಿದ್ದರು. ಸಿದ್ದರಾಯ ಸಾಹೇಬರು ಕಡತಗಳನ್ನು ನನ್ನ ಕೈಯಲ್ಲಿ ಹೊರಿಸಿಕೊಂಡು ಹೋದರು. ಬಾಗಿಲ ಹೊರಗೆ ಕಾಳವ್ವ ನೆಲದ ಮೇಲೆ ಕುಳಿತಿದ್ದಳು. ಗೋದಾಮಿನ ನಾಲ್ಕೈದು ಹೆಣ್ಣುಮಕ್ಕಳೂ ಬಂದಿದ್ದರು. ಅಮರಪ್ಪ ಅವರಿಂದ ದೂರ, ಬೇವಿನ ಮರದ ಕೆಳಗೆ ನಿಂತಿದ್ದ.

ಅಧಿಕಾರಿ ಕಡತಗಳನ್ನು ಒಂದೊಂದಾಗಿ ತಿರುವಿದರು. ಒಂದು ತಾಸಾಯಿತು. ಆಮೇಲೆ ಕನ್ನಡಕ ತೆಗೆದರು.

“ಅರ್ಜಿಯಾಗ ವಿಷ ಅಂತ ಐತಿ. ಇದರಾಗ ಕಾಯಿಲೆ ಬಿದ್ದವರು ಒಬ್ಬರೂ ಇಲ್ಲ. ಗಾಯ ಇಲ್ಲ, ಸಾವಿಲ್ಲ, ಕೆಲಸ ಬಿಡಿಸಿದವರಿಲ್ಲ. ಕಾಗದದ ಮ್ಯಾಲ ಇಲ್ಲದ್ದನ್ನ ನಾ ಏನ ಬರೀಲಿ?”

“ನಮ್ಮಲ್ಲಿ ಎಲ್ಲಾರೂ ಬಂಧುಗಳ ಹಂಗ ಇದೀವ್ರಿ,” ಎಂದರು ಸಿದ್ದರಾಯ ಸಾಹೇಬರು.

ಅಧಿಕಾರಿ ಕಡತ ಮುಚ್ಚಿ ದಾರ ಕಟ್ಟತೊಡಗಿದರು. ಹೊರಗೆ ಯಾರೋ ಕೆಮ್ಮಿದರು.

“ಐತ್ರಿ,” ಎಂದೆ. ನನ್ನ ದನಿ ನನಗೇ ಬೇರೆಯವರದಾಗಿ ಕೇಳಿತು. “ಎಲ್ಲಾ ಅದರಾಗ ಐತ್ರಿ.”

“ಏನೈತಿ?”

“ಹಸ್ತಹದ ಅಂತ ಐತಲ್ರಿ, ಹದಿನಾರು ಮಂದಿಗೆ. ಹಂಗಂದ್ರ ಕೈ ನಡಗೂದು. ರೊಟ್ಟಿ ಮುರಿಯಾಕ ಬರೂದಿಲ್ಲ.”

ಅವರು ದಾರ ಬಿಚ್ಚಿದರು. “ಏಕಾಗ್ರತೆ?”

“ಕಣ್ಣ ಹೋಗೂದು.”

“ಬೀಳುಬಿಡುವು?”

“ಕೆಲಸಕ್ಕ ಬಾರದವರನ್ನ ಹೊರಗ ಹಾಕೂದು.”

“ಮತ್ತ ಈ ಪೂರ್ಣಬಿತ್ತನೆ?”

ಬಾಗಿಲಲ್ಲಿ ಕಾಳವ್ವ ಎದ್ದು ನಿಂತಿದ್ದಳು.

“ಸಾವು,” ಎಂದೆ. “ಸತ್ಯವ್ವ ಸತ್ತಾಳ್ರಿ. ಅದರ ಹಿಂದ ಇನ್ನೂ ಇಬ್ಬರು.”

“ಇವೆಲ್ಲಾ ಯಾವ ನಿಘಂಟಿನಾಗ ಅದಾವ?”

“ಎಲ್ಲೂ ಇಲ್ರಿ. ನಾನ ಮಾಡಿದವು.”

“ಗೊತ್ತಿದ್ದು ಮಾಡಿದ್ರಿ?”

ಸಿದ್ದರಾಯ ಸಾಹೇಬರು ನನ್ನ ಕಡೆ ತಿರುಗಿದರು. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಇಲ್ಲ ಅನ್ನು, ಎಂದು ಕಣ್ಣಲ್ಲೇ ದಾರಿ ತೋರಿಸುತ್ತಿದ್ದರು. ಇಲ್ಲ ಎಂದಿದ್ದರೆ ನನಗೂ ಅವರಿಗೂ ಸುಲಭವಾಗುತ್ತಿತ್ತು.

“ಹೌದ್ರಿ,” ಎಂದೆ.

ಮೆಟ್ಟಿಲು ಇಳಿಯುವಾಗ ಸಾಹೇಬರು ಹತ್ತಿರ ಬಂದು, ಎಂದಿನ ಮೆತ್ತಗಿನ ದನಿಯಲ್ಲೇ ಹೇಳಿದರು: “ನಿಮ್ಮ ಮಾತು ಇಲ್ಲದಿದ್ರ ಇಷ್ಟ ದಿನಾ ನಡೀತಿದ್ದಿಲ್ಲ ಸಮದಸಾಬ. ಅದನ್ನ ಮರೀಬ್ಯಾಡ್ರಿ.”

೧೯೭೪ ಮಾರ್ಚ್ ೩

ಗೋದಾಮಿಗೆ ಬೀಗ. ಸ್ಟೇಷನ್ ರಸ್ತೆಯ ಫಲಕ ಇಳಿಸಿದ್ದಾರೆ. ಸಾಹೇಬರು ಮುಂಬಯಿಗೆ ಹೋದರು. ಮಹಾರಾಷ್ಟ್ರದ ಕಡೆ ಬೇರೆ ಹೆಸರಿನಲ್ಲಿ ಶುರು ಮಾಡಿದ್ದಾರೆಂದು ಅಮರಪ್ಪ ಹೇಳಿದ. ಅಲ್ಲಿ ಮರಾಠಿ ಬರೆಯುವವರು ಯಾರೋ ಸಿಕ್ಕಿರಬೇಕು.

ಖಟ್ಲೆಯಲ್ಲಿ ಮೊದಲ ಸಾಕ್ಷಿ ನಾನು. ಮೂರನೆಯ ಆರೋಪಿಯೂ ನಾನೇ. ಎರಡೂ ಹೇಗೆ ಆಗುತ್ತದೆ ಎಂದು ಅಮ್ಮ ಕೇಳಿದಳು. ಆಗುತ್ತದೆ ಎಂದೆ.

೧೯೭೪ ಮಾರ್ಚ್ ೧೭

ಗೋದಾಮಿನಲ್ಲಿ ದುಡಿದವರ ಹೇಳಿಕೆ ಬೇಕೆಂದು ಕೋರ್ಟಿನಿಂದ ಕಾಗದ ಬಂತು. ಗುಮಾಸ್ತ ಒಬ್ಬ ತಿಕೋಟಾಕ್ಕೆ ಬಂದ. ರಾಜಬಿಯ ಮಾತು ತಿಳಿಯದೆ, ಬೇಸತ್ತು, ನೀವೇ ಬರೆದು ಕಳಿಸಿ ಎಂದು ಹೋಗಿಬಿಟ್ಟ.

ಬೆಳಿಗ್ಗೆ ಅವಳ ಎದುರಿಗೆ ಕುಳಿತೆ. ಒಂದೊಂದು ಮಾತಿಗೆ ಅವಳು ಕತ್ತು ಬಿಗಿದು, ಬೆವರಿ, ದನಿ ತೆಗೆಯಬೇಕು. ನಡುವೆ ಅಮ್ಮ ನೀರು ಕುಡಿಸಿದಳು. ಎರಡನೆಯ ಸಾಲಿಗೇ ನಾನು ‘ಔಷಧದ ಪುಡಿ’ ಎಂದು ಬರೆದು ಗಟ್ಟಿಯಾಗಿ ಓದಿದೆ. ರಾಜಬಿ ಅಲುಗುವ ಅಂಗೈಯನ್ನು ಕಾಗದದ ಮೇಲೆ ಬಡಿದಳು. ಬಡಿಯುತ್ತಲೇ ಇದ್ದಳು. ಹೊಸ ಹಾಳೆ ತೆಗೆದುಕೊಂಡೆ. ಆಮೇಲೆ ಅವಳು ಅಂದದ್ದನ್ನೇ ಬರೆದೆ. ಮುಗಿಯುವ ಹೊತ್ತಿಗೆ ಬಿಸಿಲು ಅಂಗಳ ದಾಟಿತ್ತು.

“ನಾ ರಾಜಬಿ. ಕೆಂಪ ವಿಷ ಕಲಸಿದೆ. ಬರಿಗೈ. ಕೈ ಹೋತು. ಕಣ್ಣ ಹೋತು. ಹಾಡ ಬರೂದಿಲ್ಲ. ಸತ್ಯವ್ವ ಸತ್ತಳು.”

ಇಷ್ಟೇ ಇರಬೇಕೆಂದು ಲೇಖನಿ ಕೆಳಗಿಡಲು ಹೋದೆ. ಅವಳು ತಲೆ ಅಲ್ಲಾಡಿಸಿದಳು. ಇನ್ನೂ ಇದೆ. ಬಹಳ ಹೊತ್ತು ನನ್ನನ್ನೇ ನೋಡಿದಳು. ಅವಳಿಗೆ ಕಾಣುವ ಅಷ್ಟು ಸಣ್ಣ ಜಾಗದಲ್ಲಿ ನಾನೊಬ್ಬನೇ ಇದ್ದೆನೋ ಏನೋ.

“ಕಾಗದ... ನಮ್ಮಣ್ಣ ಬರದ.”

ಅದನ್ನೂ ಬರೆದುಕೊಂಡೆ. ಹೆಬ್ಬೆಟ್ಟಿಗೆ ಮಸಿ ಹಚ್ಚಿ, ಅವಳ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದು ಒತ್ತಿಸಿದೆ.